ನಲ್ಲಿಗೆ ಕಟ್ಟಿದ ತಂತಿ

ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವಳನ್ನು ಮನೆಯವರೆಲ್ಲ ನಲ್ಲಿರಾಣಿ ಎಂದೇ ರೇಗಿಸುತ್ತಿದ್ದರು. ಬೋರ್ಡು ಮುಟ್ಟುವ ಮುಂಚೆ ಹೋಗಿ ನಲ್ಲಿ ಮುಟ್ಟಿ ಬರುವುದು ಅವಳ ರೂಢಿ. ಒಣಹವೆಯಲ್ಲಿ ಮೈಮೇಲೆ ಕೂತ ವಿದ್ಯುತ್ತು ಬೆರಳಿನಿಂದ ಚಿಪ್‌ಗೆ ಹಾರಿದರೆ ಚಿಪ್ ಸದ್ದಿಲ್ಲದೆ ಸತ್ತುಹೋಗುತ್ತದೆ, ನಲ್ಲಿಯ ಕಬ್ಬಿಣದ ಪೈಪು ಆ ವಿದ್ಯುತ್ತನ್ನು ನೆಲಕ್ಕಿಳಿಸುತ್ತದೆ ಎನ್ನುತ್ತಿದ್ದಳು.

ಪಾರ್ಶ್ವವಾಯು ಹೊಡೆದು ಅಣ್ಣನ ಮಾತು ನಿಂತಿತ್ತು. ಅವನು ಒಂದೇ ಕೈಯಲ್ಲಿ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಓದಿ ಹೇಳುತ್ತಿತ್ತು. ಅದರ ಬೋರ್ಡೂ ಕೆಟ್ಟು ಕೂತಿತು. ಓದಿ ಹೇಳುವ ಆ ಹಳೆಯ ಸಾಫ್ಟ್‌ವೇರ್ ಹೊಸ ಬೋರ್ಡುಗಳಿಗೆ ಒಗ್ಗದು. ಊರೆಲ್ಲ ಜಾಲಾಡಿದ ಮೇಲೆ ಅವಳಿಗೆ ಹಳೆಯ ಬೋರ್ಡೊಂದು ಸಿಕ್ಕಿತು. ಇನ್ನೊಂದು ಸಿಗುವ ಮಾತೇ ಇರಲಿಲ್ಲ.

ಅಣ್ಣನ ಅಡುಗೆಮನೆಯ ಮೇಜಿನ ಮುಂದೆ ಕೂತು, ಮೈಯ ವಿದ್ಯುತ್ತು ಇಳಿಸುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಅದರ ತಂತಿಯನ್ನು ನಲ್ಲಿಗೆ ಸಿಕ್ಕಿಸಿದಳು. ಉಸಿರು ಬಿಗಿಹಿಡಿದು ಬೋರ್ಡಿನಲ್ಲಿ ಪ್ರೊಸೆಸರ್ ಚಿಪ್ ಕೂರಿಸಿದಳು.

"ಹಸು ಕಟ್ಟಿದ ಹಾಗೆ ಕಟ್ಕೊಂಡಿದೀಯಲ್ಲೇ, ಓಡಿಹೋಗ್ತೀಯಾ?" ಎಂದರು ಅತ್ತಿಗೆ.

"ನಾನಲ್ಲ ಅತ್ತಿಗೆ, ಕರೆಂಟ್ ಓಡಿಹೋಗ್ಲಿ ಅಂತ. ಪೈಪ್ ಹಿಡ್ಕೊಂಡು ನೆಲಕ್ಕೆ."

"ಯಾವ ಪೈಪು? ತುಕ್ಕು ಹಿಡಿದಿತ್ತು ಅಂತ ಹೋದ ವಾರ ಕಿತ್ತು ಪ್ಲಾಸ್ಟಿಕ್ ಹಾಕಿಸಿದ್ವಲ್ಲ."

ಅವಳು ತಲೆಯೆತ್ತಿ ನೋಡಿದಳು. ಗೋಡೆಯ ಮೇಲೆ ಹೊಸ ಸಿಮೆಂಟಿನ ತೇಪೆ ಕಣ್ಣೆದುರೇ ಇತ್ತು. ರೂಢಿಯನ್ನು ನಂಬಿ ಅದನ್ನು ನೋಡಿಯೂ ನೋಡಿರಲಿಲ್ಲ. ಮೈಮೇಲೆ ಉಣ್ಣೆಯ ಸ್ವೆಟರ್ ಬೇರೆ. ಮೇಜಿನಿಂದ ದೂರ ಹೋಗಿ ಅದನ್ನು ತೆಗೆದಾಗ ಚಟಚಟ ಸದ್ದಾಯಿತು. ಒಂದೊಂದು ಸದ್ದಿಗೂ ಅವಳ ಜೀವ ಹಾರಿತು.

ಕಂಪ್ಯೂಟರ್ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಚುಚ್ಚಿ, ಸ್ವಿಚ್ ಹಾಕದೆ, ಪೆಟ್ಟಿಗೆಯ ಮೇಲಿನ ಬಣ್ಣವಿಲ್ಲದ ಒಂದು ಸ್ಕ್ರೂಗೆ ತಂತಿ ಸಿಕ್ಕಿಸಿದಳು. ಹಾಗೆ ಮಾಡಿದರೆ ಅರ್ತ್, ಅಂದರೆ ನೆಲಕ್ಕಿಳಿಯುವ ದಾರಿ, ಸಿಗುತ್ತದೆ. ಆದರೆ ಚಿಪ್‌ಗೆ ಆಗುವ ಪೆಟ್ಟು ಆಗಲೇ ಆಗಿಹೋಗಿದ್ದರೆ?

ಸಂಜೆ ಯಂತ್ರ ಎದ್ದಿತು. ಅಣ್ಣ ನಿಧಾನವಾಗಿ ಒತ್ತಿದ. "ನಲ್ಲಿರಾಣಿ, ಮುಖ ಯಾಕೆ ಹಾಗಿದೆ?" ಎಂದಿತು ಪೆಟ್ಟಿಗೆ. ಅತ್ತಿಗೆ ನಕ್ಕರು. ಅವಳಿಂದ ನಗಲಾಗಲಿಲ್ಲ. ಒಳಗೇ ಪೆಟ್ಟು ತಿಂದ ಬೋರ್ಡು ಇವತ್ತು ಓಡಿ ಯಾವತ್ತೋ ನಿಲ್ಲಬಹುದು. ಅದನ್ನು ಅವರಿಗೆ ಹೇಳಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡುತ್ತಿದ್ದಳು. "ಅಣ್ಣ ಏನಂತಾನೆ?" ಎಂದು ಕೇಳಿ, ಆ ಯಂತ್ರದ ದನಿ ಕಿವಿಗೆ ಬೀಳುವವರೆಗೂ ಫೋನ್ ಇಡುತ್ತಿರಲಿಲ್ಲ. ಅಣ್ಣನ ಮೇಲಿನ ಅಕ್ಕರೆ ಎಂದುಕೊಂಡರು ಅತ್ತಿಗೆ. ಅಕ್ಕರೆಯೂ ಹೌದು.

ಹೀಗಿರುವಾಗ ಒಮ್ಮೆ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅವಳ ಹೆಣದ ಮುಂದೆ ಅಣ್ಣನ ಮಾತನ್ನೆಲ್ಲ ಆ ಪೆಟ್ಟಿಗೆಯೇ ಆಡಿತು, ಒಂದು ಕಡೆಯೂ ತಡವರಿಸದೆ. ಈಗಲೂ ಬೆಳಿಗ್ಗೆ ಅವಳ ಫೋನ್ ಬರುತ್ತಿದ್ದ ಹೊತ್ತಿಗೆ ಅಣ್ಣ ಆ ಪೆಟ್ಟಿಗೆಯನ್ನು ಹಚ್ಚಿ ಏನಾದರೂ ಒಂದು ಹೇಳಿಸುತ್ತಾನೆ.