ಅಕ್ಕಿಯ ಮೇಲೆ ಬರೆದ ಹೆಸರು

ಹಿತ್ತಾಳೆಯ ಹರಿವಾಣದಲ್ಲಿ ಹರವಿದ ಅಕ್ಕಿಯ ನಡುವೆ ಉಂಗುರ ಎಳೆದಾಗ ಒಂದು ಸದ್ದು ಬರುತ್ತದೆ. ಮೊದಲು ಸರ ಸರ ಅನ್ನುತ್ತದೆ, ಉಂಗುರ ತಳಕ್ಕೆ ತಾಗಿದ ಕೂಡಲೇ ಕಿರ್ರ್ ಅಂತ ಕಿರುಚುತ್ತದೆ. ಕಾನ್ವೆಂಟಿನಲ್ಲಿ ಬೋರ್ಡಿನ ಮೇಲೆ ಚಾಕ್‌ಪೀಸ್ ಹಾಗೆ ಕಿರುಚಿದರೆ ನಮ್ಮ ಸಿಸ್ಟರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಂಕೋಲೆಯ ಮನೆಯಲ್ಲಿ ನನ್ನ ತಮ್ಮ ತನ್ನ ಹೆಂಡತಿಯ ಹೊಸ ಹೆಸರನ್ನು ಅಕ್ಕಿಯಲ್ಲಿ ಬರೆದಾಗ ನಾನೂ ಕಣ್ಣು ಮುಚ್ಚಿದ್ದೆ. ತೆರೆದಾಗ ಹರಿವಾಣದಲ್ಲಿ ನಮ್ಮನ್ನು ಹೆತ್ತ, ಎಂದೋ ತೀರಿಹೋದ ಆಯಿಯ ಹೆಸರಿತ್ತು.

ನಮ್ಮಲ್ಲಿ ಇದು ಪದ್ಧತಿ. ಮದುಮಗಳು ಮನೆ ತುಂಬಿದ ದಿನ ಗಂಡ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯಬೇಕು, ಅವಳ ಕಿವಿಯಲ್ಲಿ ಅದನ್ನು ಹೇಳಬೇಕು. ಅಲ್ಲಿಂದ ಮುಂದೆ ಹಳೆಯ ಹೆಸರಿನವಳು ತವರಿಗೆ ಮಾತ್ರ. ನನ್ನ ಕಾನ್ವೆಂಟ್ ಸರ್ಟಿಫಿಕೇಟಿನಲ್ಲಿರುವ ಹುಡುಗಿಯೂ ಒಂದು ಮಧ್ಯಾಹ್ನ ಹೀಗೇ ಅಕ್ಕಿಯಲ್ಲಿ ಮುಗಿದುಹೋದಳು. ಅವಳ ಹ್ಯಾಂಡ್‌ರೈಟಿಂಗ್ ತುಂಬ ಚೆನ್ನಾಗಿತ್ತು ಎಂಬುದು ಈಗ ನನಗೊಬ್ಬಳಿಗೇ ಗೊತ್ತು. ಬ್ಯಾಂಕಿನಲ್ಲಿ, ಪೆನ್ಶನ್ ಆಫೀಸಿನಲ್ಲಿ ಯಾರಾದರೂ ತಕರಾರು ತೆಗೆದರೆ ಒಂದು ಅಫಿಡವಿಟ್ ಬಿಸಾಕುತ್ತೇವೆ, ಮುಗಿಯಿತು. ಊರಿನ ಅರ್ಧ ಹೆಂಗಸರು ಅಫಿಡವಿಟ್ಟಿನ ಮೇಲೆಯೇ ಬದುಕುತ್ತಿದ್ದೇವೆ.

ತಮ್ಮ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದ. ಐವತ್ತು ದಾಟುವ ತನಕ ಮದುವೆಯ ಮಾತೆತ್ತಿದರೆ ನಕ್ಕು ಎದ್ದು ಹೋಗುತ್ತಿದ್ದವನು. ಒಮ್ಮೆ ಹಡಗು ರಿಪೇರಿಗೆಂದು ಮಾರಿಷಸ್‌ನಲ್ಲಿ ತಿಂಗಳುಗಟ್ಟಲೆ ನಿಂತಿತು. ಅಲ್ಲಿ ಇವಳು ಸಿಕ್ಕಳು. ಅವಳ ಮುತ್ತಜ್ಜಿಯ ತಾಯಿಯನ್ನು ರತ್ನಾಗಿರಿ ಕಡೆಯಿಂದ ಕಬ್ಬಿನ ಗದ್ದೆಯ ಕೆಲಸಕ್ಕೆ ಹಡಗು ಹತ್ತಿಸಿದ್ದರಂತೆ. ಮನೆಯಲ್ಲಿ ಉಳಿದದ್ದು ನಾಲ್ಕು ಹರಕು ಮರಾಠಿ ಆರತಿ, ಸೀರೆ ಉಡುವ ರೀತಿ, ಅಷ್ಟೇ. ಉಳಿದಂತೆ ಫ್ರೆಂಚ್, ಇಂಗ್ಲಿಷ್, ಅವರದೇ ಒಂದು ಭಾಷೆ. ಆದರೆ ಅಂಕೋಲೆಯ ಮೀನು ಪೇಟೆಯಲ್ಲಿ ನಿಂತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅವಳು ಬಾಯಿ ತೆರೆಯುವ ತನಕ. ಬಂಗಡೆ ಮಾರುವವಳು ಅವಳು ಇಲ್ಲಿಗೆ ಬಂದು ಕಲಿತ ಕೊಂಕಣಿ ಕೇಳಿ ನಗುತ್ತ ಒಂದು ಮೀನು ಹೆಚ್ಚು ಹಾಕುತ್ತಿದ್ದಳಂತೆ. ತಮ್ಮ ಹೇಳುತ್ತಿದ್ದ, ಇವಳ ಭಾಷೆ ಸುಧಾರಿಸಿದರೆ ನಮಗೆ ಲಾಸು ಅಂತ.

ಮದುವೆ ರಿಜಿಸ್ಟರ್ ಮಾಡಿಸಲು ಹೋದಾಗ ಯಾವ ಹೆಸರು ಬರೆಯಲಿ ಎಂದು ಗುಮಾಸ್ತರು ಎರಡೆರಡು ಸಲ ಕೇಳಿದ್ದರು. ಮದುವೆಯ ನಂತರದ ಹೆಸರೇ ಬರೆಯಿರಿ ಅಂದ ತಮ್ಮ. ಮತ್ತೇನು ಹೇಳುತ್ತಾನೆ? ನಮ್ಮ ಮನೆಯಲ್ಲಿ ಇನ್ನೊಂದು ಥರ ನಡೆದದ್ದೇ ಇಲ್ಲ. ಅವಳೋ, ಕನ್ನಡದಲ್ಲಿ ಆ ಹೆಸರು ಬರೆಯುವುದನ್ನು ಒಂದು ವಾರ ಕಲಿತು, ನಾಲಿಗೆ ಕಚ್ಚಿಕೊಂಡು, ಅಂಗನವಾಡಿ ಮಗುವಿನ ಹಾಗೆ ದುಂಡಗೆ ಸಹಿ ಮಾಡಿದಳು. ಆ ಸಹಿ ನೋಡಿ ನಾವೆಲ್ಲ ಹೆಮ್ಮೆಪಟ್ಟೆವು. ಕಾರವಾರದ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ನಾನೊಬ್ಬಳೇ ನಗುತ್ತ ಕೂತಿದ್ದೆ.

ವೀಸಾ ಪ್ರತಿ ಸಲ ಎಕ್ಸ್‌ಟೆಂಡ್ ಆಗುತ್ತಿತ್ತು. ಪ್ರತಿ ಸಲ ಅದೇ ಆತಂಕ, ಅದೇ ಫೋಟೋ, ಅದೇ ಪೊಲೀಸ್ ವೆರಿಫಿಕೇಶನ್. ಇಲ್ಲೇ ಖಾಯಂ ಇರುವ ಪರ್ಮಿಶನ್ ತೆಗೆದುಕೊಂಡುಬಿಡುವಾ ಎಂದು ಅವಳೇ ಹೇಳಿದಳು. ಅದಕ್ಕೆ ಮದುವೆಯಾಗಿ ಇಷ್ಟು ಕಾಲ ಕಳೆದಿರಬೇಕು ಎಂಬ ನಿಯಮವಿತ್ತು. ಆ ಕಾಲ ಕಳೆದಿತ್ತು. ಕಾರವಾರದ ಕಚೇರಿಗೆ ಗಂಡ ಹೆಂಡತಿ ಇಬ್ಬರೂ ಖುದ್ದು ಬರಬೇಕಿತ್ತು. ಇಂಗ್ಲಿಷ್ ಮಾತಾಡುವ ಅಕ್ಕ ಅಂತ ನನ್ನನ್ನೂ ಕರೆದುಕೊಂಡರು. ಅವಳಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು, ಆದರೂ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಮರ್ಯಾದೆಯವಳು. ಪಾಸ್‌ಪೋರ್ಟು ಎಡಕ್ಕೆ, ಮದುವೆಯ ಸರ್ಟಿಫಿಕೇಟು ಬಲಕ್ಕೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮೇಲೆ ಫ್ಯಾನು ತಿರುಗುತ್ತಿತ್ತು, ಕಾಗದ ಹಾರದಂತೆ ಎರಡರ ಮೇಲೂ ಒಂದೊಂದು ಕೈ.

"ಅಮ್ಮಾ, ಪಾಸ್‌ಪೋರ್ಟಲ್ಲಿ ಒಬ್ಬರಿದ್ದಾರೆ. ಈ ಯಜಮಾನರ ಮದುವೆ ಆಗಿರೋದು ಬೇರೆ ಯಾರ ಜೊತೆಗೋ."

ತಮ್ಮ ಅಲ್ಲೂ ಸುಮ್ಮನಿರಲಿಲ್ಲ. "ಮೇಡಂ, ನಮ್ಮಲ್ಲಿ ಎಲ್ಲಾ ಹೆಂಗಸರಿಗೂ ಎರಡೆರಡು ಹೆಸರು. ನಮ್ಮ ಅಕ್ಕಂಗೂ ಎರಡುಂಟು. ಯಾವ ಹೆಸರಿನವಳಾದ್ರೂ ಬೈಯುದು ನಂಗೇ."

ಅಧಿಕಾರಿ ನಕ್ಕಳು. ನಕ್ಕು, ಕಾಗದಗಳನ್ನು ಮೆಲ್ಲಗೆ ನಮ್ಮ ಕಡೆ ಸರಿಸಿದಳು. ನಾನು ಅಫಿಡವಿಟ್ ಅಂದೆ. ಬೇರೆ ದೇಶದವರಿಗೆ ಅದು ಸಾಲದು, ಮದುವೆಯ ದಾಖಲೆಯೇ ಪಾಸ್‌ಪೋರ್ಟಿನ ಹೆಸರಿಗೆ ತಿದ್ದುಪಡಿಯಾಗಿ ಬರಬೇಕು, ಆಮೇಲೆ ಇಬ್ಬರೂ ಮತ್ತೆ ಬನ್ನಿ ಅಂದಳು. ಹೊರಗೆ ಬಂದಾಗ ತಮ್ಮ ಗೋಡೆಗೆ ಕೈಕೊಟ್ಟು ಕೆಮ್ಮುತ್ತ ನಿಂತ. ಫೈಲಿನ ಧೂಳು ಅಂದ. ನಾವು ನಂಬಿದೆವು.

ತಿದ್ದುಪಡಿಗೆ ಕೋರ್ಟಿನ ಆದೇಶ ಬೇಕೆಂದರು. ವಕೀಲರನ್ನು ಹಿಡಿದೆವು. ತಾರೀಖಿನ ಮೇಲೆ ತಾರೀಖು. ಅಷ್ಟರಲ್ಲಿ ಮಣಿಪಾಲದಲ್ಲಿ ತಮ್ಮನ ಶ್ವಾಸಕೋಶದ ಚಿತ್ರ ತೆಗೆದರು. ಆ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದಾಗ ನನಗೆ ಏನೂ ಅರ್ಥವಾಗಲಿಲ್ಲ, ಆದರೆ ಡಾಕ್ಟರು ನಮ್ಮ ಮುಖ ನೋಡದೆ ಮಾತಾಡಿದ್ದು ಅರ್ಥವಾಯಿತು.

ಆ ಬೇಸಿಗೆ ನಾನು ಅಂಕೋಲೆಗೆ ಹೋಗಿ ಉಳಿದೆ. ಸಂಜೆ ಅವನನ್ನು ಆರಾಮಕುರ್ಚಿಯಲ್ಲಿ ಹಿತ್ತಿಲಿಗೆ ಕೂರಿಸಿದರೆ ಬೇಲೆಕೇರಿ ಕಡೆಯ ಗಾಳಿ ಬರುತ್ತಿತ್ತು. ಅವಳು ಒಳಗೆ ಗಂಜಿ ಕಾಸುತ್ತ ಆರತಿ ಗುನುಗುವಳು, ರಾಗ ಸರಿ, ಮಾತು ಅರ್ಧ ಮಂಗಮಾಯ. ಒಂದು ದಿನ ತಮ್ಮ ನನ್ನ ಸೆರಗು ಹಿಡಿದು ಹತ್ತಿರ ಎಳೆದ.

"ಅಕ್ಕಾ, ನಾ ಹೋದ್ರೆ ಇವಳನ್ನ ಇಲ್ಲಿ ಇರೂಕೆ ಬಿಡುದಿಲ್ಲ. ಬೇಗ ಮಾಡ್ಸು ಮಾರಾಯ್ತಿ."

ಹೂಂ ಅಂದೆ. ಕೋರ್ಟನ್ನು ಬೇಗ ಮಾಡಿಸುವುದು ನನ್ನ ಕೈಯಲ್ಲಿದ್ದ ಹಾಗೆ.

ಅವಳಿಗೂ ಗೊತ್ತಿತ್ತು. ಬಟ್ಟೆ ಒಣಹಾಕುವಾಗ ಒಮ್ಮೆ ಕೇಳಿದ್ದೆ, ಅಲ್ಲಿ ನಿನ್ನ ತಂಗಿಯಿದ್ದಾಳೆ, ಸ್ವಂತ ಊರು, ಇಲ್ಲಿ ಏನಿದೆ ನಿನಗೆ ಅಂತ. ಅವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು: ಆ ಹಡಗು ಹತ್ತಿದ ಅಜ್ಜಿಯಿಂದ ಹಿಡಿದು ನಮ್ಮ ಮನೆಯಲ್ಲಿ ಎಲ್ಲರೂ ವಾಪಸ್ ಹೋಗುತ್ತೇವೆ ಹೋಗುತ್ತೇವೆ ಅನ್ನುತ್ತಲೇ ಸತ್ತರು, ಬಂದವಳು ನಾನೊಬ್ಬಳೇ. ಮತ್ತೆ ಹಡಗು ಹತ್ತಿಸಬೇಡಿ ಅಕ್ಕ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, ಅಕ್ಕ ಎಂಬುದನ್ನು ಮಾತ್ರ ಕನ್ನಡದಲ್ಲಿ ಅಂದಳು.

ಮಳೆ ಹಿಡಿದ ಮೊದಲ ವಾರದಲ್ಲಿ ತಮ್ಮ ಹೋದ. ಅದನ್ನು ಬರೆಯಲಾರೆ. ಹದಿಮೂರರ ಊಟ ಮುಗಿದು ಬಂದವರೆಲ್ಲ ಚೆದುರಿದ ಮೇಲೆ ವಕೀಲರ ಫೋನು ಬಂತು, ಆದೇಶ ಆಗಿದೆ, ತಿದ್ದಿದ ಸರ್ಟಿಫಿಕೇಟು ಸಿಗುತ್ತದೆ ಅಂತ. ಅವರ ದನಿಯಲ್ಲಿ ಸಂತೋಷವಿತ್ತು. ಅವರಿಗೆ ವಿಷಯ ಗೊತ್ತಿರಲಿಲ್ಲ.

ಮತ್ತೆ ಕಾರವಾರದ ಕಚೇರಿಗೆ ಹೋದೆವು, ನಾವಿಬ್ಬರೇ. ಕೊಡೆಯ ನೀರು ಬಾಗಿಲಲ್ಲೇ ಕೊಡವಿ ಒಳಗೆ ಹೋದಾಗ ಅದೇ ಅಧಿಕಾರಿ ಗುರುತು ಹಿಡಿದು ನಕ್ಕಳು. ನಮ್ಮ ಹಿಂದೆ ಇನ್ನೂ ಯಾರೋ ಬರುತ್ತಾರೆಂದು ಬಾಗಿಲ ಕಡೆ ನೋಡಿದಳು. ಆಮೇಲೆ ನಾದಿನಿಯ ಬೋಳು ಹಣೆ ಕಂಡಿತೋ ಏನೋ, ಕುರ್ಚಿಯಿಂದ ಎದ್ದಳು. ನೀರು ತರಿಸಿದಳು. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು.

"ಈಗ ಹೆಸರು ಸರಿ ಉಂಟಾ?" ನಾದಿನಿ ಕನ್ನಡದಲ್ಲೇ ಕೇಳಿದಳು.

"ಹೆಸರು ಸರಿ ಇದೆ," ಅಂದಳು ಅಧಿಕಾರಿ.

ಅದರ ನಂತರ ಹೇಳಿದ್ದನ್ನೆಲ್ಲ ಅವಳು ನನ್ನ ಕಡೆ ತಿರುಗಿ ಹೇಳಿದಳು. ಹೆಂಡತಿ ಎಂಬ ಆಧಾರದ ಮೇಲೆ ಅರ್ಜಿ ಕೊಡುವ ದಿನ ಗಂಡ ಇರಬೇಕು. ಮೇಲಿನವರಿಗೆ ಬರೆದು ನೋಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ. ಬರೆದಳು ಕೂಡ, ಮಾತಿಗೆ ತಪ್ಪಲಿಲ್ಲ. ಉತ್ತರವನ್ನು ಅವಳೇ ಫೋನು ಮಾಡಿ ತಿಳಿಸಿದಳು. ಈಗಿನ ವೀಸಾ ಮುಗಿಯುವುದರೊಳಗೆ ಹೊರಡಬೇಕು. ಮುಂದೆ ಟೂರಿಸ್ಟ್ ವೀಸಾದಲ್ಲಿ ಬಂದು ಹೋಗಬಹುದು, ಅದಕ್ಕೇನೂ ಅಡ್ಡಿಯಿಲ್ಲ ಅಂದಳು.

ಟೂರಿಸ್ಟ್. ದೇವಬಾಗದ ಬೀಚಿನಲ್ಲಿ ಬೋಟು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಲೆಕ್ಕದಲ್ಲಿ ನಮ್ಮ ಆಯಿಯ ಹೆಸರಿನವಳು.

ಉಳಿದ ದಿನಗಳಲ್ಲಿ ಅವಳು ಮನೆ ತೊಳೆದಳು. ಪಾತ್ರೆಗಳನ್ನು ಹಂಚಿದಳು. ಹರಿವಾಣವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ ನನಗೆ ಕೊಟ್ಟಳು. ಅದರ ತಳದಲ್ಲಿ ಉಂಗುರದ ಗೀರು ಕಾಣುತ್ತದೆ. ತಮ್ಮನದೊಂದೇ ಅಲ್ಲ, ಅಪ್ಪ ಗೀಚಿದ್ದು, ಅಜ್ಜ ಗೀಚಿದ್ದು, ಎಲ್ಲ ಒಂದರ ಮೇಲೊಂದು. ಯಾರ ಹೆಸರೆಂದು ಓದಲು ಬರುವುದಿಲ್ಲ.

ಈಗಲೂ ಅವಳು ವಾಟ್ಸಾಪಿನಲ್ಲಿ ಫೋನು ಮಾಡುತ್ತಾಳೆ. ನಾನು ಸೇವ್ ಮಾಡಿದ ಹೆಸರನ್ನು ಬದಲಿಸಿಲ್ಲ. ಹಾಗಾಗಿ ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಫೋನು ಕೈಗೆತ್ತಿಕೊಂಡರೆ ಆಯಿ ಕರೆಯುತ್ತಿದ್ದಾಳೆಂದು ಒಂದು ಕ್ಷಣ ಎದ್ದು ಕೂರುತ್ತೇನೆ. ನೆಟ್‌ವರ್ಕ್ ಸರಿಯಿರುವುದಿಲ್ಲ. ಮುಖ ಅಲ್ಲಲ್ಲೇ ಚೂರಾಗಿ ನಿಲ್ಲುತ್ತದೆ. ಅದನ್ನು ನೋಡಿದ್ದು ಅಂತ ನಾನು ಲೆಕ್ಕ ಹಿಡಿಯುವುದಿಲ್ಲ.

ನೋಡಿದ್ದು ಕೊನೆಗೆ ಕಾರವಾರ ಸ್ಟೇಷನ್ನಿನಲ್ಲಿ. ಗೋವಾಕ್ಕೆ ಹೋಗಿ ಅಲ್ಲಿಂದ ವಿಮಾನ. ಮಳೆ ಬಿಟ್ಟು ಪ್ಲಾಟ್‌ಫಾರಂ ಬೆವರಿದ ಹಾಗಿತ್ತು. ಟ್ರೇನು ದೂರದಲ್ಲಿ ಕೂಗಿದಾಗ ಅವಳು ಬ್ಯಾಗು ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಗ್ಗಿ ನನ್ನ ಕಾಲು ಮುಟ್ಟಿದಳು. ಪ್ರತಿ ಹಬ್ಬಕ್ಕೂ ಹಾಗೆ ಮುಟ್ಟಿದಾಗ ದೀರ್ಘಸುಮಂಗಲಿಯಾಗು ಅನ್ನುತ್ತಿದ್ದೆ. ಅದೇ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅದರ ಜಾಗದಲ್ಲಿ ಹೇಳಲು ನಮ್ಮ ಭಾಷೆಯಲ್ಲಿ ಇನ್ನೊಂದು ಮಾತು ಹುಡುಕಿದೆ, ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ಅವಳು ಬಗ್ಗಿಯೇ ಇದ್ದಳು, ಕಾಯುತ್ತ.

"ಗಾಡ್ ಬ್ಲೆಸ್ ಯೂ, ಚೈಲ್ಡ್," ಅಂದೆ, ನಮ್ಮ ಸಿಸ್ಟರ್ ಅನ್ನುತ್ತಿದ್ದ ಹಾಗೆ.

ಅವಳು ಎದ್ದು ನನ್ನ ಮುಖ ನೋಡಿದಳು. ಪರಕೀಯರಿಗೆ ಥ್ಯಾಂಕ್ಸ್ ಹೇಳುವಷ್ಟೇ ಮೃದುವಾಗಿ ಥ್ಯಾಂಕ್ ಯೂ ಅಂದಳು. ಅವಳು ಹತ್ತಿದ ಡಬ್ಬಿಯ ಗಾಜು ಕಪ್ಪು ಬಣ್ಣದ್ದು. ಅವಳು ಯಾವ ಕಿಟಕಿಯ ಹಿಂದಿದ್ದಳೆಂದು ಗೊತ್ತಾಗದೆ, ಟ್ರೇನು ಹೊರಟಾಗ ನಾನು ಎಲ್ಲ ಕಿಟಕಿಗಳಿಗೂ ಕೈ ಬೀಸಿದೆ.