ಸ್ಕ್ರೂವಿನ ತಲೆಗೆ ಸಿಕ್ಕ ಹಸಿರೆಳೆ

ನಮ್ಮ ಹಿತ್ತಲ ಬಾಗಿಲ ಬಳಿ ಗೋಡೆಗೊರಗಿ ನಿಂತ ಹಳೆಯ ಮಣೆಯೊಂದಿದೆ. ಅದರ ಒಂದು ಸ್ಕ್ರೂವಿನ ತಲೆಗೆ ಮೂರು ವರ್ಷಗಳಿಂದ ಗಿಳಿಹಸಿರು ರೇಷ್ಮೆಯ ಎಳೆಯೊಂದು ಸುತ್ತಿಕೊಂಡಿದೆ. ಎಳೆ ಯಗಟಿಯಲ್ಲಿರುವ ನನ್ನ ಅಕ್ಕನ ಸೀರೆಯದು, ಮಣೆ ನನ್ನ ಕೈಕೆಲಸದ್ದು. ನಿವೃತ್ತನಾದ ಹೊಸತರಲ್ಲಿ, ಗಣಿತ ಕಲಿಸಿದವನಿಗೆ ಮರಗೆಲಸ ಯಾವ ಮಹಾ ಎಂಬ ಹುಮ್ಮಸ್ಸಿನಲ್ಲಿ ಮಾಡಿದ್ದೆ. ಅದರ ಮೇಲೆ ಕೂತು ಊಟ ಮುಗಿಸಿ ಅಕ್ಕ ಏಳುವಾಗ, ಸ್ಕ್ರೂವಿಗೆ ಸಿಕ್ಕಿ ಸೀರೆ ಪರ್ರೆಂದಿತು. ನಾನಾದರೂ ಸುಮ್ಮನಿರಬಾರದೇ? "ಸೀರೆ ಹಳೇದಾಗಿತ್ತು ಬಿಡಕ್ಕ" ಎಂದುಬಿಟ್ಟೆ. ಅಂದಿನಿಂದ ಅಕ್ಕ ಅಜ್ಜಂಪುರದ ನಮ್ಮಲ್ಲಿಗೆ ಬರುತ್ತಾಳೆ, ನಗುತ್ತಾಳೆ, ಊಟಕ್ಕೆ ಮಾತ್ರ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಆಕೆಗೆ ಹಸಿವೇ ಆಗುವುದಿಲ್ಲವಂತೆ! ಬಸ್ಸು ಹತ್ತುವ ಮುನ್ನ ಹೋಟೆಲಿನಲ್ಲಿ ಇಡ್ಲಿ ತಿನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಂಡು ಸಂಕಟಪಟ್ಟಿದ್ದೇನೆ.

ಈ ಸಲ ಅಕ್ಕನನ್ನು ಕೂರಿಸಿಯೇ ತೀರಬೇಕೆಂದು ಹಟ ಹಿಡಿದು, ಹಲಸಿನ ಹಲಗೆಯೊಂದನ್ನು ಹೊತ್ತು, ತರೀಕೆರೆಯಲ್ಲಿ ಸಿಎನ್‌ಸಿ ಯಂತ್ರ ಇಟ್ಟಿರುವ ಶಶಿಕಲಾ ಎಂಬಾಕೆಯ ಅಂಗಡಿಗೆ ಹೋದೆ. ಕಂಪ್ಯೂಟರಿನಲ್ಲಿ ಕೊಟ್ಟ ಅಳತೆಯಂತೆ ತಾನೇ ಇಳಿದು, ತಾನೇ ತಿರುಗಿ ಕೊರೆಯುವ ಯಂತ್ರ ಅದು. ಸ್ಕ್ರೂ ಇಳಿಯಲು ಸಣ್ಣ ತೂತು, ಅದರ ಬಾಯಿಗೆ ಆಲಿಕೆಯಂತೆ ಅಗಲವಾದ ತಗ್ಗು. ಆ ತಗ್ಗಿನಲ್ಲಿ ತಲೆ ಅಡಗಿತೆಂದರೆ ಹಲಗೆಗೆ ಸಮ, ಸೀರೆಗೆ ಕ್ಷೇಮ. ಅಂತರ್ಜಾಲದ ಪಟ್ಟಿ ನೋಡಿ, ದಶಮಾಂಶದ ಎರಡನೆಯ ಸ್ಥಾನದವರೆಗೂ ಅಳತೆ ಬರೆದುಕೊಂಡು ಹೋಗಿದ್ದೆ.

"ಸ್ಕ್ರೂ ಕೊಡಿ ಸಾರ್, ಮೊದ್ಲು ಅಳ್ದು ನೋಡ್ತೀನಿ" ಎಂದಳು ಶಶಿಕಲಾ.

"ಅಳತೆ ಬರ್ದಿದೀನಲ್ಲಮ್ಮ, ಅದನ್ನೇ ಹಾಕು" ಎಂದೆ, ಮೇಷ್ಟರ ಗತ್ತಿನಲ್ಲಿ.

ಆಕೆ ಚೂರು ಹಲಗೆಯೊಂದನ್ನು ನನ್ನ ಲೆಕ್ಕದಂತೆಯೇ ಕೊರೆದು, ನಾನು ತಂದಿದ್ದ ಸ್ಕ್ರೂಗಳಲ್ಲೊಂದನ್ನು ಬಿಗಿದು, ಹಳೆಯ ಸೀರೆಯ ತುಂಡೊಂದನ್ನು ಅದರ ಮೇಲೆ ಎಳೆದಳು. ನಾನು ಹೆಬ್ಬೆರಳಾಡಿಸಿ ಸಮವಾಗಿದೆ ಎಂದಿದ್ದ ಜಾಗದಲ್ಲೇ ಬಟ್ಟೆ ಸಿಕ್ಕಿಕೊಂಡಿತು.

"ಮಿಷನ್ನು ನೀವ್ ಹೇಳ್ದಷ್ಟೇ ಕೊರ್ದೈತೆ ಸಾರ್. ನಿಮ್ ಪಟ್ಟೀಲಿರೋದ್ಕಿಂತ ಈ ಸ್ಕ್ರೂ ತಲೆ ದಪ್ಪ ಐತೆ."

ರೇಗಿ, ಹಾಗಾದರೆ ಇನ್ನಷ್ಟು ಆಳಕ್ಕೆ ಇಳಿಸು ಎಂದೆ. ಇಳಿಸಿದಳು, ಸ್ಕ್ರೂ ಚೂರನ್ನು ತೂರಿಕೊಂಡು ಆಚೆಗೇ ಹೋಯಿತು. ಆಮೇಲೆ ತೆಪ್ಪಗೆ ಇನ್ನೊಂದು ಸ್ಕ್ರೂ ತೆಗೆದು, ಅಳೆಯಲೆಂದು ಅವಳ ಕೈಗಿಟ್ಟೆ. ಅಳೆದು ಕೊರೆದ ಮೂರನೆಯ ಚೂರಿನ ಮೇಲೆ ಬಟ್ಟೆ ಬೆಣ್ಣೆಯ ಮೇಲಿನಂತೆ ಜಾರಿತು.

ಗೆಳೆಯರೇ, ಅದೇ ಅಳತೆಯಲ್ಲಿ ಸಿದ್ಧವಾದ ಹೊಸ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಆ ಯಂತ್ರದ ಒಂದು ಗುಣ ನನ್ನನ್ನು ಚುಚ್ಚುತ್ತಲೇ ಇತ್ತು: ಬಟ್ಟೆ ಸಿಕ್ಕಿಕೊಂಡಾಗ ಅದು ಬಟ್ಟೆ ಹಳೆಯದೆನ್ನಲಿಲ್ಲ. ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಎದುರಿಗಿರುವವರ ಮುಖವನ್ನೇ ನೋಡದೆ ಮೂವತ್ತು ವರ್ಷ ಪಾಠ ಹೇಳಿದ ನನಗೆ ಆಗ ನಾಚಿಕೆಯಾಯಿತು. ಟಿಕೆಟ್ಟಿಗೆ ಕೈಚಾಚಿದ ಕಂಡಕ್ಟರನ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ.

ಅಕ್ಕ ಬಂದಳು, ಅದೇ ಗಿಳಿಹಸಿರು ಸೀರೆಯಲ್ಲಿ, ಹರಿದಲ್ಲಿ ರಫು ಹಾಕಿಸಿಕೊಂಡು. ತರೀಕೆರೆಯಲ್ಲಿ ಮಾಡಿಸಿ ತಂದದ್ದೆಂದು ನಾನು ಮುಂದಿಟ್ಟ ಹೊಸ ಮಣೆಯನ್ನು ನೋಡಿಯೂ ನೋಡದಂತೆ ನಿಂತಳು. ಯಂತ್ರದ ಮೇಲೆ ದೊಡ್ಡ ಉಪನ್ಯಾಸವನ್ನೇ ಸಿದ್ಧಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಅಕ್ಕ, ಅವತ್ತು ಸೀರೆ ಹಳೇದಾಗಿರ್ಲಿಲ್ಲ. ನನ್ ಮಣೆನೇ ಸರಿ ಇರ್ಲಿಲ್ಲ."

ಅಕ್ಕ ಹಿತ್ತಲ ಬಾಗಿಲಿಗೆ ಹೋಗಿ, ಆ ಹಳೆಯ ಮಣೆಯನ್ನೇ ತಂದು, ನನ್ನ ಹೆಗಲ ಟವೆಲ್ಲನ್ನು ಎಳೆದು ಹಸಿರೆಳೆಯ ಮೇಲೆ ಹಾಸಿ, ಕೂತೇಬಿಟ್ಟಳು.

"ಇಷ್ಟಕ್ಕೆ ತರೀಕೆರೆಗೆ ಯಾಕೋ ಹೋಗಿದ್ದೆ? ತಟ್ಟೆ ಇಡು. ಮೂರು ವರ್ಷದಿಂದ ಹೊಟ್ಟೆ ಹಸೀತೈತೆ."