ಬುರುಲ್ ಅಜ್ಜಿಯ ಬೂದಿ

ನಾರಿನ್ ಊರಲ್ಲಿ ಹೊಸ ಹಿಮ ಬಿತ್ತೆಂದರೆ ಬುರುಲ್ ಅಜ್ಜಿಗೆ ಹಬ್ಬ. ಮನೆಯ ಕಂಬಳಿಗಳನ್ನೆಲ್ಲ ಹಿಮದ ಮೇಲೆ ಬೋರಲು ಹಾಕಿ, ಸಿಕ್ಕಿಬಿದ್ದ ಕುದುರೆಗಳ್ಳನಿಗೆ ಬಾರಿಸಿದಂತೆ ಬಾರಿಸುತ್ತಾಳೆ. ಧೂಳು ಉದುರಿ ಹಿಮ ಕಪ್ಪಾಗಬೇಕು, ಕಂಬಳಿ ಮತ್ತೆ ಕೆಂಪಾಗಬೇಕು. ಪಾತ್ರೆಗೆ ಒಲೆಯ ಬೂದಿ, ಹಿತ್ತಾಳೆಗೆ ಹುಳಿ ಮೊಸರಿನ ತಿಳಿನೀರು. ಕೊಳೆ ತೆಗೆಯುವ ಅಂಗಡಿಯ ಸೀಸೆ ಕಂಡರೆ, "ಇದು ಕೊಳೆ ತೊಳೆಯಲ್ಲ, ಮನುಷ್ಯರನ್ನೇ ತೊಳೆದು ಹಾಕ್ತದೆ" ಎಂದು ಉಗಿಯುತ್ತಾಳೆ. ಚಹಾಕ್ಕೆ ಬಂದವರೂ ಮೊದಲು ಕಂಬಳಿಗೆ ಮೂಗು ಒತ್ತಬೇಕು. "ಮೂಸಿ ಹೇಳು, ಕಮಟು ಇದೆಯಾ?" ನೆರೆಮನೆಯ ತಾಬಿಲ್ದಿ ಒಮ್ಮೆ ರೇಗಿದ: "ಅಕ್ಕಾ, ನಾನೇನು ನಿನ್ನ ನಾಯಿಯಾ?" "ನಾಯಿ ಆಗಿದ್ರೆ ಇಷ್ಟೊತ್ತಿಗೆ ಹೇಳಿರೋದು!" ಮೊನ್ನೆ ಸೊಸೆ ಜಿಬೆಕ್, ತಾನು ನೆಲ ಒರೆಸುವ ಹೋಟೆಲಿನಿಂದ ಕ್ಲೋರಿನ್ ಸೀಸೆ ತಂದಳು. "ಅತ್ತೆ, ಬಚ್ಚಲಿಗೆ ಸುರಿದ್ರೆ ಸಾಕು. ದಿನಾ ಇದರಲ್ಲೇ ಒರೆಸ್ತೀನಿ, ಮೂಗೇ ಉರಿದು ಹೋಗ್ತದೆ, ಅಷ್ಟು ಗಟ್ಟಿ ಮಾಲು." ಮುದುಕಿ ಬಯ್ಯಲಿಲ್ಲ. ಮುಚ್ಚಳ ತೆಗೆದು ಉದ್ದಕ್ಕೆ ಉಸಿರೆಳೆದಳು. ಕಣ್ಣಲ್ಲಿ ನೀರಿಳಿಯಿತು, ಮೂಗು ಮಾತ್ರ ಅಲುಗಲಿಲ್ಲ. "ಪ್ರಾಯವೆಲ್ಲ ಊರವರೆಲ್ಲ ಮೀಯೋ ಸ್ನಾನದ ಮನೆ ತೊಳೆದದ್ದು ಇದರಲ್ಲೇ ಕಣೇ. ನನ್ನ ಮೂಗಿಗೆ ಈಗ ಇದೂ ನೀರೇ, ಕಮಟು ಕಂಬಳಿಯೂ ನೀರೇ. ನಾಳೆ ನಿನ್ನ ಹೋಟೆಲ್ ಧಣಿ ಹತ್ರ ನಾನೂ ಬರ್ತೀನಿ, ಬೂದಿ ಚೀಲ ಹೊತ್ಕೊಂಡು, ಸೀಸೆ ಬದಲು ಇದನ್ನೇ ಕೊಡು ಅನ್ನೋಕೆ. ಈ ಮನೇಲಿ ಮೂಸೋಕೆ ಒಂದು ಮೂಗಾದ್ರೂ ಉಳೀಬೇಕಲ್ಲ!"